ಬೀಗದಕ್ಕ ಮತ್ತು ಹದಿನಾಲ್ಕನೇ ಸಾಲು

ಬೆಳಗಿನ ಐದೂಕಾಲು. ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಅಡುಗೆಮನೆಯ ದೀಪ ಮಾತ್ರ ಉರಿಯುತ್ತಿದೆ. ಒಲೆಯ ಮೇಲೆ ಹಾಲು, ಒಲೆಯಿಂದ ಎರಡು ಮೊಳ ದೂರದಲ್ಲಿ ಮಡಚುವ ಮೇಜು, ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್. ಅದರ ಮುಂದೆ ಐವತ್ತೇಳು ವರ್ಷದ ಹೆಂಗಸೊಬ್ಬರು ಶಾಲು ಹೊದ್ದು ಕೂತಿದ್ದಾರೆ. ಒಂದು ಕಣ್ಣು ಹಾಲಿನ ಮೇಲೆ, ಇನ್ನೊಂದು ಪರದೆಯ ಮೇಲೆ. ಎರಡು ದೋಣಿಯಲ್ಲಿ ಕಾಲಿಟ್ಟವರ ಹಾಲು ಉಕ್ಕಲೇಬೇಕು ಎಂದುಕೊಂಡು ನಾನು ಕಾಯುತ್ತೇನೆ. ಉಕ್ಕುವುದಿಲ್ಲ. ಹದಿನೆಂಟು ವರ್ಷದ ಅಭ್ಯಾಸವಂತೆ.

ಪರದೆಯ ಮೇಲೆ ಯಾರೋ ಅಪರಿಚಿತರ ಪ್ರಶ್ನೆ ಇದೆ. ವೆಬ್‌ ಪುಟ ಮಾಡುವುದನ್ನು ಹೊಸದಾಗಿ ಕಲಿಯುತ್ತಿರುವವರು. ಒಂದು ಚಿತ್ರವನ್ನು ಪುಟದ ನಡುವೆ ತರಲು ಮೂರು ದಿನದಿಂದ ಹೆಣಗುತ್ತಿದ್ದಾರೆ, ಅದು ಎಡಗಡೆಗೇ ಅಂಟಿಕೊಂಡಿದೆ. ಕೊನೆಯಲ್ಲಿ ಬರೆದಿದ್ದಾರೆ: ‘ನನಗೆ ಈ ಕೆಲಸ ಬರೋಲ್ಲವೇನೋ.’ ಈಕೆ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದುತ್ತಾರೆ. ಅವರು ಪುಟ ಕಟ್ಟಲು ಬರೆದ ಕೋಡನ್ನು ತಮ್ಮ ಯಂತ್ರಕ್ಕೆ ತಂದು ನಡೆಸಿ ನೋಡುತ್ತಾರೆ. ಆಮೇಲೆ ಬರೆಯುತ್ತಾರೆ: ‘ಚಿತ್ರದ ತಪ್ಪಿಲ್ಲ. ಅದನ್ನು ಇಟ್ಟಿರುವ ಪೆಟ್ಟಿಗೆಯೇ ಚಿತ್ರದಷ್ಟು ಅಗಲ ಇದೆ, ಸರಿಯೋಕೆ ಜಾಗ ಎಲ್ಲಿದೆ? ಪೆಟ್ಟಿಗೆಯನ್ನು ಅಗಲ ಮಾಡಿ. ಮತ್ತೆ, ಮೂರು ದಿನ ಹೆಣಗಿದವರಿಗೆ ಈ ಕೆಲಸ ಬರುತ್ತೆ. ಬರದೇ ಇರೋದು ಅರ್ಧ ಗಂಟೆಗೆ ಎದ್ದುಹೋದವರಿಗೆ.’

ಬರೆದು ಮುಗಿಸಿ ಹಾಲಿನ ಒಲೆ ಆರಿಸುತ್ತಾರೆ. ಇನ್ನೂ ನಾಲ್ಕು ಪ್ರಶ್ನೆ ಬಾಕಿ ಇವೆ. ಏಳೂವರೆಗೆ ಆಫೀಸಿನ ಬಸ್ಸು.

ಅವರ ಸ್ವಂತ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಬೇಡ. ಅಡ್ಡಿಯಿಲ್ಲ. ಈ ನುಡಿಯಲ್ಲಿ ವೆಬ್‌ ಪುಟ ಕಟ್ಟುವ ಸಾವಿರಾರು ಜನಕ್ಕೆ ಅವರು ಗೊತ್ತಿರುವುದೇ ಬೇರೆ ಹೆಸರಿನಿಂದ. ಬೀಗದಕ್ಕ. ಇದು ಅವರೇ ಇಟ್ಟುಕೊಂಡ ಹೆಸರಲ್ಲ, ಪ್ರೀತಿಯಿಂದ ಬಂದದ್ದೂ ಅಲ್ಲ. ಅದರ ಹಿಂದೆ ಒಂದು ಕಥೆ ಇದೆ. ಅದನ್ನು ಹೇಳಿಸಲು ನಾನು ಮೂರು ಮುಂಜಾವು ಈ ಅಡುಗೆಮನೆಗೆ ಬರಬೇಕಾಯಿತು.

ಕಂಪ್ಯೂಟರಿನ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ, ಓದುಗರಲ್ಲಿ ಹಲವರೂ ಹಾಗೇ ಇರಬಹುದು. ಆದ್ದರಿಂದ ಮೊದಲು ಇಷ್ಟು ಹೇಳುತ್ತೇನೆ. ನಾವು ಮೊಬೈಲಿನಲ್ಲಿ ಯಾವುದೋ ಪುಟ ತೆರೆದು ಬಟನ್ ಒತ್ತುತ್ತೇವೆ, ಕೆಲಸ ಆಗುತ್ತದೆ. ಆಗದಿದ್ದರೆ ಬೈಯುತ್ತೇವೆ. ಆ ಬಟನ್ನಿನ ಹಿಂದೆ ಯಾರೋ ಒಬ್ಬರು ತಲೆ ಕೆಡಿಸಿಕೊಂಡು ಕೂತಿರುತ್ತಾರೆ. ಅವರ ತಲೆ ಕೆಟ್ಟಾಗ ಕೇಳಲು ಒಂದು ಜಾಗ ಬೇಕಲ್ಲ? ಅಂಥದೊಂದು ಪ್ರಶ್ನೋತ್ತರ ತಾಣವನ್ನು ಹದಿನೆಂಟು ವರ್ಷದ ಹಿಂದೆ ಒಬ್ಬ ಕಾಲೇಜು ಮೇಷ್ಟ್ರು ತೆರೆದರು. ಇಂಗ್ಲಿಷಿನಲ್ಲಿ ಕೇಳಲು ನಾಲಿಗೆ ತಡವರಿಸುವವರು ನಮ್ಮ ನುಡಿಯಲ್ಲಿ ಕೇಳಲಿ ಎಂದು. ಬೀಗದಕ್ಕ ಅಲ್ಲಿಗೆ ಬಂದ ಮೊದಲ ಮಂದಿಯಲ್ಲಿ ಒಬ್ಬರು, ಅದೂ ಕೇಳುವವರಾಗಿ.

“ನಾನು ಪ್ರೆಸ್‌ನಲ್ಲಿ ಅಕ್ಷರ ಜೋಡಿಸ್ತಿದ್ದೆ. ಹದಿನೇಳು ವರ್ಷ. ಪ್ರೆಸ್ ಮುಚ್ಚಿದಾಗ ನನಗೆ ಮೂವತ್ತೊಂಬತ್ತು” ಎನ್ನುತ್ತಾರೆ. “ನಮ್ಮ ಮನೆಯವರು ಹೇಳಿದ್ರು, ಕಾಗದದ ಮೇಲೆ ಪುಟ ಕಟ್ಟೋಳಿಗೆ ಗಾಜಿನ ಮೇಲೆ ಕಟ್ಟೋಕೆ ಬರಲ್ವಾ, ಕಲಿ ಅಂತ. ಅವರಿಗೇನು, ಹೇಳಿಬಿಟ್ರು. ನನಗೆ ಮೌಸ್ ಹಿಡಿದ್ರೆ ಕೈ ಬೆವರೋದು.”

ತಾಣದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಈಗಲೂ ಇದೆ. ತೋರಿಸಿ ನಗುತ್ತಾರೆ. ಪುಟದ ಬಣ್ಣ ಬದಲಾಯಿಸಿದ್ದೇನೆ, ಬದಲಾಗುತ್ತಿಲ್ಲ, ಎರಡು ದಿನವಾಯಿತು ಎಂದು. ಬದಲಾಯಿಸಿದ್ದನ್ನು ಸೇವ್ ಮಾಡಿರಲಿಲ್ಲ, ಅಷ್ಟೇ. ಯಾರೋ ಪುಣ್ಯಾತ್ಮರು ನಗದೆ ಉತ್ತರ ಬರೆದಿದ್ದರು: ‘ನನಗೂ ಒಮ್ಮೆ ಹೀಗಾಗಿತ್ತು. ಸೇವ್ ಒತ್ತಿ ನೋಡಿ.’ ಆ ಪುಣ್ಯಾತ್ಮರು ಯಾರೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಒಂದು ಸಾಲಿನ ಋಣಕ್ಕೆ ಇವರು ಬರೆದ ಉತ್ತರಗಳು ಮೊನ್ನೆಯ ಲೆಕ್ಕಕ್ಕೆ ಹನ್ನೊಂದು ಸಾವಿರದ ನಾನೂರ ಆರು. ಯಾವುದಕ್ಕೂ ಬಿಡಿಗಾಸು ಇಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ: ಊರಿನ ಬಸ್ಸುಗಳ ವೇಳಾಪಟ್ಟಿಯ ಪುಟವನ್ನು ನೋಡಿಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ.

ಆ ಆಫೀಸಿಗೂ ಒಂದು ದಿನ ಹೋಗುತ್ತೇನೆ. ಔಷಧಿ ಅಂಗಡಿಯ ಮೇಲಿನ ಒಂದೇ ಹಾಲ್, ಹನ್ನೊಂದು ಕುರ್ಚಿ. ಇವರನ್ನು ಬಿಟ್ಟರೆ ಅಲ್ಲಿ ಎಲ್ಲರಿಗಿಂತ ಹಿರಿಯನಿಗೆ ಮೂವತ್ತನಾಲ್ಕು ವರ್ಷ. ವೇಳಾಪಟ್ಟಿಯ ಪುಟವನ್ನು ದಿನಕ್ಕೆ ನಲವತ್ತು ಸಾವಿರ ಜನ ನೋಡುತ್ತಾರೆ. ಬಸ್ಸು ತಡವಾದರೆ ಡ್ರೈವರನಿಗೆ ಬೈಯಲು ಆಗದ್ದನ್ನೆಲ್ಲ ಪುಟದ ಕೆಳಗೆ ಬರೆಯುತ್ತಾರೆ. ಅದನ್ನು ಓದುವುದೂ ಇವರೇ. ಹುಡುಗರೆಲ್ಲ ‘ಅಕ್ಕ’ ಎಂದೇ ಕರೆಯುತ್ತಾರೆ. ನಾನು ಮಾತಿಗೆ ನಮ್ಮ ಪತ್ರಿಕೆಯ ಪುಟ ತೆರೆದು ತೋರಿಸಿದೆ. ಮೇಲಿನಿಂದ ಕೆಳಗೆ ನೋಡಿ, “ಇದನ್ನ ಯಾರು ಮಾಡಿದ್ದು?” ಎಂದರು. ನಾನು ವಿಷಯ ಬದಲಾಯಿಸಿದೆ.

ಈಗ ಬೀಗದ ಕಥೆ. ತಾಣ ಬೆಳೆಯಿತು. ದಿನಕ್ಕೆ ನೂರ ನಲವತ್ತು ಪ್ರಶ್ನೆ ಬರುತ್ತಿದ್ದ ಕಾಲ. ಕೇಳಿದ್ದನ್ನೇ ಕೇಳುವವರು ಅದರಲ್ಲಿ ಮುಕ್ಕಾಲು ಪಾಲು. ತಾಣ ಕಸದ ಬುಟ್ಟಿಯಾಗಬಾರದೆಂದು ಮೇಷ್ಟ್ರು ಅನುಭವಸ್ಥ ಐದಾರು ಜನರಿಗೆ ಕಾವಲು ಕೊಟ್ಟರು. ಇವರೂ ಅದರಲ್ಲಿ ಒಬ್ಬರು. ಹಿಂದೆ ಯಾರೋ ಕೇಳಿರುವ ಪ್ರಶ್ನೆ ಬಂದರೆ ಅದಕ್ಕೆ ಬೀಗ ಹಾಕುವುದು. ‘ಈಗಾಗಲೇ ಕೇಳಲಾಗಿದೆ’ ಎಂದು ಬರೆದು ಹಳೆಯ ಉತ್ತರದ ಲಿಂಕ್ ಕೊಡುವುದು. ಬೀಗ ಬಿದ್ದ ಪ್ರಶ್ನೆಗೆ ಯಾರೂ ಉತ್ತರ ಬರೆಯಲು ಆಗುವುದಿಲ್ಲ. ನಿಯಮ ಸರಿಯಾಗಿಯೇ ಇತ್ತು ಎಂದು ಇವರು ಈಗಲೂ ವಾದಿಸುತ್ತಾರೆ. ಒಂದೇ ಬಾವಿಯಿಂದ ಸೇದಿದರೆ ಸಾಕು, ಮನೆಗೊಂದು ಗುಂಡಿ ತೋಡುವುದು ಯಾಕೆ?

“ಆದ್ರೆ ನನ್ನ ಕೈ ಬಹಳ ಚುರುಕು ನೋಡಿ. ಪ್ರೆಸ್‌ನಲ್ಲಿ ಕರಡು ತಿದ್ದಿದ ಕೈ. ತಲೆಬರಹ ನೋಡಿದ್ರೆ ಸಾಕು, ಇದು ಯಾವ ಪ್ರಶ್ನೆ ಅಂತ ಗೊತ್ತಾಗೋದು. ಹತ್ತು ಸೆಕೆಂಡಿಗೆ ಒಂದು ಬೀಗ. ಯಾರು ಜಾಸ್ತಿ ಹಾಕಿದ್ರು ಅಂತ ತಿಂಗಳಿಗೊಂದು ಪಟ್ಟಿ ಬರ್ತಿತ್ತು. ಮೂರು ವರ್ಷ ನಾನೇ ಮೊದಲು.”

ಆರು ಸಾವಿರದ ಇನ್ನೂರು ಬೀಗ. ಮೂಗು ಮುರಿದ ಹೊಸಬರು ಇಟ್ಟ ಹೆಸರು ಬೀಗದಕ್ಕ. ಆಗ ಅದನ್ನು ಕೇಳಿ ಇವರಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತಂತೆ. ಅಟ್ಟ ಹತ್ತಿದ ಮೇಲೆ ಏಣಿ ಒದೆಯುವುದು ಅಂದರೆ ಇದೇ ಎಂದು ಆಗ ಹೊಳೆಯಲಿಲ್ಲ. ಒದ್ದವರಿಗೆ ಅದು ಹೊಳೆಯುವುದು ಯಾವಾಗಲೂ ತಡವಾಗಿಯೇ.

ಒಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಒಬ್ಬರ ಪ್ರಶ್ನೆ ಬರುತ್ತದೆ. ಕೇಳಿದವರು ತಾಣದಲ್ಲಿ ಇಟ್ಟುಕೊಂಡಿದ್ದ ಹೆಸರು ‘ಮಿಶನ್ ರಿಪೇರಿ’. ಹೊಲಿಗೆ ಮಿಶನ್ ರಿಪೇರಿ ಮಾಡುತ್ತಿದ್ದವರು, ಆ ಕೆಲಸ ಬಿಟ್ಟು ವೆಬ್ ಕಲಿತು ಎಲ್ಲೋ ಸೇರಿಕೊಂಡವರು. ಪ್ರಶ್ನೆ ಇದು: ಒಂದು ಅರ್ಜಿಯ ಪುಟ ಮಾಡಿದ್ದೇನೆ. ಬಟನ್ ಒತ್ತಿದರೆ ಪುಟ ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತದೆ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಕೋಡ್ ಕೆಳಗಿದೆ. ಏನು ಮಾಡಲಿ?

ಇದು ಈ ಕಸುಬಿನಲ್ಲಿ ಅಆಇಈ ಇದ್ದ ಹಾಗೆ. ಎಲ್ಲ ಹೊಸಬರೂ ಎಡವುವ ಕಲ್ಲು. ಪುಟ ಹಾಗೆ ಮರಳಿ ತೆರೆಯದಂತೆ ತಡೆಯಲು ಒಂದು ಸಾಲು ಬರೆದರೆ ಮುಗಿಯಿತು. ಅದನ್ನು ಅದಾಗಲೇ ಮುನ್ನೂರು ಜನ ಕೇಳಿದ್ದರು. ಬೀಗದಕ್ಕ ತಲೆಬರಹ ಓದಿದರು, ಮೊದಲ ಐದಾರು ಸಾಲು ಓದಿದರು, ಬೀಗ ಹಾಕಿದರು. ‘ಈಗಾಗಲೇ ಕೇಳಲಾಗಿದೆ.’ ಹನ್ನೊಂದು ಸೆಕೆಂಡು. ತಾಣ ಎಲ್ಲವನ್ನೂ ಬರೆದಿಡುತ್ತದೆ, ಸೆಕೆಂಡನ್ನೂ.

ಬೀಗ ಬಿದ್ದರೂ ಕೆಳಗೆ ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಸ್ವಲ್ಪ ಹೊತ್ತಿಗೆ ಆತ ಅಲ್ಲಿ ಒಂದು ಮಾತು ಬರೆದರು: ‘ಆ ಲಿಂಕ್ ನೋಡಿದೆ. ನನ್ನದು ಅದಲ್ಲ ಅನ್ನಿಸುತ್ತೆ ಅಕ್ಕ. ಹದಿನಾಲ್ಕನೇ ಸಾಲು ಒಮ್ಮೆ ನೋಡ್ತೀರಾ?’

“ನಾನು ನೋಡ್ಲಿಲ್ಲ. ಅವತ್ತು ಅಂಥವು ಇಪ್ಪತ್ತೇಳು ಬಂದಿದ್ವು. ಬೀಗ ಹಾಕಿಸ್ಕೊಂಡೋರೆಲ್ಲ ನಂದು ಬೇರೆ, ನಂದು ಬೇರೆ ಅಂತಾನೇ ಹೇಳೋದು. ಮೂರನೇ ದಿನ ಯಾಕೋ ಕೈಗೆ ಸಿಕ್ತು, ತೆಗೆದೆ. ಹದಿನಾಲ್ಕನೇ ಸಾಲಲ್ಲಿ ಆ ತಡೆಯೋ ಸಾಲು ಇತ್ತು. ಅಚ್ಚುಕಟ್ಟಾಗಿ ಬರೆದಿದ್ರು. ನಾನು ಯಾವುದನ್ನ ಹೋಗಿ ಕಲಿತ್ಕೋ ಅಂತ ಕಳಿಸಿದ್ನೋ ಅದು ಅವರಿಗೆ ಮೊದಲೇ ಗೊತ್ತಿತ್ತು.”

ಹಾಗಾದರೆ ತಪ್ಪು ಎಲ್ಲಿತ್ತು? ನನಗೆ ಅರ್ಥವಾಗುವಂತೆ ಹೇಳುತ್ತಾರೆ. ಪುಟದ ಪ್ರತಿಯೊಂದು ಬಟನ್ನಿಗೂ ಒಂದು ಹೆಸರು ಕೊಡುತ್ತಾರೆ, ಅದಕ್ಕೆ ಐಡಿ ಎನ್ನುತ್ತಾರೆ. ಆತನ ಪುಟದಲ್ಲಿ ಮೊಬೈಲಿಗೆಂದು ಮಾಡಿ ಮುಚ್ಚಿಟ್ಟಿದ್ದ ಇನ್ನೊಂದು ಬಟನ್ ಇತ್ತು. ಅದಕ್ಕೂ ಇದಕ್ಕೂ ಒಂದೇ ಐಡಿ. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿಟ್ಟು ಕೂಗಿದರೆ ಮುಂದೆ ನಿಂತವನು ಓಗೊಡುತ್ತಾನೆ, ಹಿಂದಿನವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ತಡೆಯುವ ಸಾಲು ಮುಚ್ಚಿಟ್ಟ ಬಟನ್ನಿಗೆ ಹೋಗಿ ಅಂಟಿಕೊಂಡಿತ್ತು. ಒತ್ತುವ ಬಟನ್ ತನ್ನ ಪಾಡಿಗೆ ತಾನು ಪುಟ ಅಳಿಸುತ್ತಿತ್ತು. ಎರಡರಲ್ಲಿ ಒಂದರ ಐಡಿ ಬದಲಾಯಿಸಬೇಕಿತ್ತು, ಒಂದೇ ಒಂದು ಪದ.

“ಕಂಡುಹಿಡಿಯೋಕೆ ನಾಲ್ಕು ನಿಮಿಷ ಆಯ್ತು ನನಗೆ” ಎನ್ನುತ್ತಾರೆ. “ನಾಲ್ಕೇ ನಿಮಿಷ.”

ಬೀಗ ತೆಗೆದರು, ಉತ್ತರ ಬರೆದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ. ಇವರದು ತಿರುಗಾಮುರುಗಾ, ಬಾಗಿಲು ತಟ್ಟಿದವರು ಹೊರಟುಹೋದ ಮೇಲೆ ತೆಗೆದರು. ತಾಣದಲ್ಲಿ ಪ್ರತಿಯೊಬ್ಬರ ಪುಟದಲ್ಲೂ ‘ಕೊನೆಯ ಭೇಟಿ’ ಎಂದು ಒಂದು ತಾರೀಖು ಇರುತ್ತದೆ. ಮಿಶನ್ ರಿಪೇರಿಯ ಕೊನೆಯ ಭೇಟಿ ಆ ಪ್ರಶ್ನೆ ಕೇಳಿದ ದಿನದ ಸಂಜೆ. ಅದಾದ ಮೇಲೆ ಆ ತಾರೀಖು ಬದಲಾಗಿಲ್ಲ. ಮುಂಜಾನೆ ಲ್ಯಾಪ್‌ಟಾಪ್ ತೆರೆದರೆ ಬೀಗದಕ್ಕ ಮೊದಲು ನೋಡುವುದು ಆ ತಾರೀಖನ್ನು. ನಾನು ಕೂತಿದ್ದ ಮೂರು ದಿನವೂ ನೋಡಿದರು. ಎರಡು ಸೆಕೆಂಡು, ಅಷ್ಟೇ. ಆಮೇಲೆ ಬಾಕಿ ಪ್ರಶ್ನೆಗಳು.

ಒಬ್ಬರು ತಾಣಕ್ಕೆ ಬರುವುದು ಬಿಟ್ಟರೆ ಇಷ್ಟೇಕೆ ಹಚ್ಚಿಕೊಳ್ಳಬೇಕು? ನಾನು ಎರಡನೇ ದಿನ ಕೇಳಿದೆ. ಆಗೆಲ್ಲ ಕಾಲೇಜಿನವರು, ಕಂಪನಿಯವರು, ದಿನಾ ನೂರಾರು ಜನ ಬರುತ್ತಿದ್ದರು, ಹೋಗುತ್ತಿದ್ದರಲ್ಲ ಎಂದೆ. ಅವರು ಹಾಲಿನ ಪಾತ್ರೆ ಇಳಿಸಲು ಎದ್ದರು. ಮೂರನೇ ದಿನ ಅವರೇ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕಿನ ಕಡೆ ನೋಡುತ್ತಿದ್ದರು.

ತಾಣದಲ್ಲಿ ಇನ್ನೊಂದು ನಿಯಮವಿತ್ತು. ಪ್ರಶ್ನೆಯಲ್ಲಿ ನಮಸ್ಕಾರ, ಧನ್ಯವಾದ, ಕಷ್ಟಸುಖ ಏನಿದ್ದರೂ ಕಾವಲಿನವರು ಕತ್ತರಿಸಬೇಕು. ಕೋಡಿನ ಮಾತು ಮಾತ್ರ ಉಳಿಯಬೇಕು. ಮಿಶನ್ ರಿಪೇರಿಯ ಪ್ರಶ್ನೆಯ ಕೊನೆಯಲ್ಲಿ ನಾಲ್ಕು ಸಾಲುಗಳಿದ್ದವು. ಬೀಗ ಹಾಕುವ ಮುಂಚೆ ಅವನ್ನು ಬೀಗದಕ್ಕ ಕತ್ತರಿಸಿದ್ದರು. ಆ ಹನ್ನೊಂದು ಸೆಕೆಂಡಿನಲ್ಲಿ ಅದೂ ಸೇರಿದೆ. ಓದಿ ಕತ್ತರಿಸಿದ್ದಲ್ಲ, ಕೋಡಲ್ಲ ಎಂದು ಕಂಡಿತು, ಕತ್ತರಿಸಿದರು. ಕತ್ತರಿಸಿದ್ದನ್ನೂ ತಾಣ ಇಟ್ಟುಕೊಂಡಿರುತ್ತದೆ. ಅದನ್ನು ತೆರೆದು ನನ್ನ ಕಡೆ ತಿರುಗಿಸಿದರು. ನಾನೇ ಓದಿಕೊಂಡೆ.

‘ನಾಳೆ ಹತ್ತು ಗಂಟೆಗೆ ಇದನ್ನು ತೋರಿಸಬೇಕು. ಹಿಂದಿನ ಎರಡೂ ಸರಿಯಾಗಲಿಲ್ಲ, ಇದೇ ಕೊನೆ ಅಂದಿದ್ದಾರೆ. ನನಗೆ ನಲವತ್ತಮೂರು. ಈ ವಯಸ್ಸಿಗೆ ಈ ಕೆಲಸ ಕಲಿಯೋಕೆ ಆಗುತ್ತಾ, ಯಾರಾದರೂ ನಿಜ ಹೇಳಿ. ಇದೂ ಹೋದರೆ ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ ಗೊತ್ತಾಗುತ್ತಿಲ್ಲ.’

ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

“ಮೂವತ್ತೊಂಬತ್ತಕ್ಕೆ ಬಂದೋಳು ನಾನು. ಆ ಪ್ರಶ್ನೆಗೆ ಇಡೀ ತಾಣದಲ್ಲಿ ಉತ್ತರ ಗೊತ್ತಿದ್ದಿದ್ದು ನನಗೊಬ್ಬಳಿಗೆ. ಅದನ್ನೇ ಕತ್ತರಿಸಿ ಹಾಕಿದೆ” ಎಂದರು. ಆಮೇಲೆ, “ಭಯ ಆಗುತ್ತೆ. ಒಂಬತ್ತು ವರ್ಷದಿಂದ ಭಯ ಆಗ್ತಾನೇ ಇದೆ. ಏನು ಅಂತ ಕೇಳ್ಬೇಡಿ” ಎಂದರು. ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಹುಡುಕಲಿಲ್ಲವೇ ಎಂದರೆ, ಹುಡುಕಿದ್ದಾರೆ. ಆತ ನೋಂದಾಯಿಸಿಕೊಂಡ ಮೇಲ್ ವಿಳಾಸಕ್ಕೆ ಮೂರು ಸಲ ಬರೆದಿದ್ದಾರೆ. ತಲುಪಲಿಲ್ಲ ಎಂದು ವಾಪಸೂ ಬರಲಿಲ್ಲ, ಉತ್ತರವೂ ಬರಲಿಲ್ಲ. ದಾರಿಯಲ್ಲಿ ಹೊಲಿಗೆ ಮಿಶನ್ ರಿಪೇರಿ ಅಂಗಡಿ ಕಂಡರೆ ಈಗಲೂ ಒಳಗೆ ಇಣುಕುತ್ತಾರೆ. ವಯಸ್ಸು ಐವತ್ತೆರಡರ ಆಸುಪಾಸಿನವರು ಕೂತಿದ್ದರೆ ಏನೋ ನೆಪ ಮಾಡಿ ಮಾತಾಡಿಸುತ್ತಾರೆ. ಮನೆಯಲ್ಲಿ ಹೊಲಿಗೆ ಮಿಶನ್ನೇ ಇಲ್ಲ. ಒಬ್ಬ ಅಂಗಡಿಯವರು ಕೊನೆಗೆ ಕೇಳಿಯೇಬಿಟ್ಟರಂತೆ, “ಅಲ್ಲಮ್ಮ, ಕಂಪ್ಯೂಟರ್ ಕಲಿತೋನು ಈ ಎಣ್ಣೆ ಜಿಡ್ಡಲ್ಲಿ ಯಾಕೆ ಬಂದು ಕೂರ್ತಾನೆ?” ಆ ಮಾತು ಹೇಳಿ ಬೀಗದಕ್ಕ ನಗಲು ನೋಡುತ್ತಾರೆ. ಆಗುವುದಿಲ್ಲ.

ಗಂಡ ಇದ್ದಾಗ ಸಮಾಧಾನ ಹೇಳುತ್ತಿದ್ದರು. ‘ಕೆಲಸ ಉಳಿದಿರುತ್ತೆ, ಕೈತುಂಬ ಕೆಲಸ ಇರೋನು ನಿನ್ನ ತಾಣಕ್ಕೆ ಯಾಕೆ ಬರ್ತಾನೆ ಬಿಡೇ’ ಎಂದು. ಆ ಮಾತಿಗೆ ಸ್ವಲ್ಪ ದಿನ ನಿದ್ದೆ ಬರುತ್ತಿತ್ತು. ಆರು ವರ್ಷದ ಹಿಂದೆ ಗಂಡ ತೀರಿಕೊಂಡರು, ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ.

ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಅವರ ಅತ್ತೆ, ಎಂಬತ್ತನಾಲ್ಕು ವರ್ಷ. ಆರೂವರೆಗೆ ಏಳುತ್ತಾರೆ, ಗೋಡೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮರೆವು ಅವರನ್ನು ಪೂರ್ತಿ ಆವರಿಸಿದೆ. ಸೊಸೆ ಆಫೀಸಿಗೆ ಹೋದ ಮೇಲೆ ನೋಡಿಕೊಳ್ಳಲು ಒಬ್ಬಾಕೆ ಬರುತ್ತಾರೆ. ಐವತ್ತೇಳರ ಸೊಸೆಯನ್ನು ಇನ್ನೂ ‘ಹುಡುಗಿ’ ಎಂದೇ ಕರೆಯುತ್ತಾರೆ.

“ಹುಡುಗಿ, ಅವನು ಬಂದ್ನಾ?”

ಅವನು ಎಂದರೆ ಮಗ. ಇವರ ಗಂಡ.

“ಇನ್ನೂ ಇಲ್ಲ ಅತ್ತೆ. ಡ್ಯೂಟಿ ಮುಗಿಸ್ಕೊಂಡು ಬರ್ತಾರೆ. ನೀವು ಮುಖ ತೊಳ್ಕೊಳ್ಳಿ.”

“ಬಸ್ಸು ತಡ ಆಗಿರ್ಬೇಕು.”

“ಹೂಂ, ತಡ ಆಗಿದೆ. ನಾನೇ ಪಟ್ಟಿ ನೋಡಿದೆ.”

ಐದು ನಿಮಿಷಕ್ಕೆ ಅದೇ ಪ್ರಶ್ನೆ. ಮತ್ತೆ ಐದು ನಿಮಿಷಕ್ಕೆ ಅದೇ. ಒಂದು ಭಾನುವಾರ ಎಣಿಸಿದಾಗ ನಲವತ್ತೊಂದು ಸಲ ಆಗಿತ್ತಂತೆ. ಮೊದಮೊದಲು ಬೀಗದಕ್ಕ ನಿಜ ಹೇಳುತ್ತಿದ್ದರು. ಅಜ್ಜಿ ಪ್ರತಿಸಲವೂ ಹೊಸದಾಗಿ ಕೇಳಿದಂತೆ ಎದೆ ಬಡಿದುಕೊಂಡು ಅಳುತ್ತಿದ್ದರು. ದಿನಕ್ಕೆ ಎರಡು ಮೂರು ಸಲ ಅದೇ ಸಾವು. ನೋಡಲಾಗದೆ ಬಿಟ್ಟರು. “ಅಲ್ಲಿ ಈಗಾಗಲೇ ಕೇಳಲಾಗಿದೆ ಅಂತ ಹಾಕ್ಬಿಡ್ತಿದ್ದೆ. ಇವರಿಗೆ ಹೇಗೆ ಹಾಕ್ಲಿ? ಇವರು ಪ್ರತಿಸಲ ಮೊದಲನೇ ಸಲಾನೇ ಕೇಳ್ತಿರ್ತಾರೆ. ಕೇಳೋರಿಗೆ ಯಾವತ್ತೂ ಅದು ಮೊದಲನೇ ಸಲಾನೇ ಅಲ್ವಾ. ನನಗೆ ಅದು ತಿಳಿಯೋಕೆ ಇಷ್ಟು ಆಗ್ಬೇಕಾಯ್ತು.”

ಹೆಸರು ಮಾತ್ರ ಹಾಗೇ ಉಳಿಯಿತು. ಬೀಗದಕ್ಕ ಕೊನೆಯ ಬೀಗ ಹಾಕಿ ಒಂಬತ್ತು ವರ್ಷವಾಯಿತು. ಮೇಷ್ಟ್ರ ಬೆನ್ನುಬಿದ್ದು ತಾಣದಲ್ಲಿ ‘ಜಗಲಿ’ ಎಂಬ ವಿಭಾಗ ಮಾಡಿಸಿದರು. ಕೋಡಿನದಲ್ಲದ ಮಾತನ್ನು ಅಲ್ಲಿ ಕೇಳಬಹುದು, ಕತ್ತರಿಸುವಂತಿಲ್ಲ. ಮಗು ಆದ ಮೇಲೆ ಎಂಟು ವರ್ಷ ಮನೆಯಲ್ಲಿದ್ದೆ, ಈಗ ನನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ಸಂದರ್ಶನದಲ್ಲಿ ಬೋರ್ಡಿನ ಮುಂದೆ ನಿಂತರೆ ಕೈ ನಡುಗುತ್ತದೆ, ಏನು ಮಾಡಲಿ? ನನಗಿಂತ ಹದಿನೈದು ವರ್ಷ ಚಿಕ್ಕವನು ನನ್ನ ಕೋಡಿಗೆ ಕೆಂಪು ಗುರುತು ಹಾಕುತ್ತಾನೆ, ಸಹಿಸುವುದು ಹೇಗೆ? ನಾನು ಮಾಡುವ ಕೆಲಸವನ್ನು ಯಂತ್ರವೇ ಮಾಡುತ್ತದಂತೆ, ನಾನು ಇನ್ನೇನು ಕಲಿಯಲಿ? ಇಂಥವು ಎರಡೂವರೆ ಸಾವಿರ. ಪ್ರತಿಯೊಂದಕ್ಕೂ ಉತ್ತರವಿದೆ. ನಮ್ಮ ಪತ್ರಿಕೆಗೆ ಪತ್ರ ಬರೆದು ‘ಇವರ ಬಗ್ಗೆ ಬರೆಯಿರಿ’ ಎಂದವರು ಅಲ್ಲಿ ಕೇಳಿದವರಲ್ಲೊಬ್ಬರು. ಎಂಟು ವರ್ಷ ಮನೆಯಲ್ಲಿದ್ದ ಆ ತಾಯಿ ಈಗ ಒಂಬತ್ತು ಜನರ ತಂಡ ನಡೆಸುತ್ತಾರೆ. ಫೋನಿನಲ್ಲಿ ಹೇಳಿದರು: “ಬೀಗದಕ್ಕ ನನಗೆ ಉತ್ತರ ಬರೆದು ಸುಮ್ಮನಾಗ್ಲಿಲ್ಲ ರೀ. ಒಂದು ವಾರ ಬಿಟ್ಟು ಏನಾಯ್ತು ಅಂತ ಕೇಳಿದ್ರು. ತಿಂಗಳು ಬಿಟ್ಟು ಮತ್ತೆ ಕೇಳಿದ್ರು. ನಾನು ಅಂದ್ಕೊಂಡೆ, ಇದೇನು, ನನ್ನ ಸ್ವಂತ ಅಕ್ಕನೂ ಇಷ್ಟು ವಿಚಾರಿಸಲ್ಲ ಅಂತ.”

ಆಕೆಗೆ ಕಾರಣ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈಗ ಪ್ರಶ್ನೆಗಳು ಕಡಿಮೆ. ದಿನಕ್ಕೆ ನಾಲ್ಕು, ಐದು. ಎಲ್ಲರೂ ಕೃತಕ ಬುದ್ಧಿಯ ಯಂತ್ರವನ್ನೇ ಕೇಳುತ್ತಾರೆ, ಅದು ಕಣ್ಣುಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ. ಅದರ ಮೇಲೆ ಸಿಟ್ಟಿದೆಯೇ ಎಂದರೆ ತಲೆಯಾಡಿಸುತ್ತಾರೆ. “ಅದು ಬೇಜಾರು ಮಾಡ್ಕೊಳ್ಳಲ್ಲ, ಎಷ್ಟು ಸಲ ಕೇಳಿದ್ರೂ ಹೇಳುತ್ತೆ ಅಂತಾರೆ. ಸರಿ ಅಲ್ವಾ. ನಾವು ಬೇಜಾರು ಮಾಡ್ಕೊಂಡ್ವಿ, ಅದಕ್ಕೆ ಜನ ಎದ್ದುಹೋದ್ರು. ಅದನ್ನ ಬೈದು ಏನು ಪ್ರಯೋಜನ?” ಕುಣಿಯಲಾರದವರು ನೆಲ ಡೊಂಕು ಎನ್ನುವ ಕಾಲದಲ್ಲಿ ಇಂಥ ಮಾತು ಅಪರೂಪ.

ಮೇಷ್ಟ್ರಿಗೆ ಈಗ ಎಪ್ಪತ್ತಾರು. ಕಣ್ಣು ಮಂದವಾಗಿದೆ, ತಾಣವನ್ನು ನಡೆಸುವ ಶಕ್ತಿ ಇಲ್ಲ. ವಹಿಸಿಕೊಳ್ಳುವವರನ್ನು ಒಂದು ವರ್ಷ ಹುಡುಕಿದರು, ಯಾರೂ ಬರಲಿಲ್ಲ. ಈ ತಿಂಗಳ ಕೊನೆಯ ದಿನ ತಾಣ ನಿಲ್ಲುತ್ತದೆ. ನೀವು ಇದನ್ನು ಓದುವ ಹೊತ್ತಿಗೆ ಏಳು ದಿನ ಉಳಿದಿರುತ್ತದೆ. ಹನ್ನೊಂದು ಸಾವಿರ ಉತ್ತರ, ಜಗಲಿಯ ಮಾತು, ಎಲ್ಲವೂ ಹೋಗುತ್ತದೆ.

“ನನ್ನ ಉತ್ತರ ಹೋದ್ರೆ ಹೋಗ್ಲಿ. ಅವೆಲ್ಲ ಹಳಸಿವೆ, ಬ್ರೌಸರ್‌ಗಳೇ ಬದಲಾಗಿವೆ” ಎನ್ನುತ್ತಾರೆ. “ಅವರದೊಂದು ಪ್ರಶ್ನೆ ಇದೆಯಲ್ಲ, ಅದು ಹೋಗುತ್ತೆ. ಇವತ್ತಲ್ಲ ನಾಳೆ ಯಾವತ್ತೋ ಒಂದು ದಿನ ಅವರಿಗೆ ನೆನಪಾಗಿ ತೆಗೆದು ನೋಡಿದ್ರೆ ಕೆಳಗೆ ಉತ್ತರ ಇರುತ್ತೆ ಅಂತ ಒಂದು ಧೈರ್ಯ ಇತ್ತು. ಮುಂದಿನ ತಿಂಗಳಿಂದ ಅವರು ಬಂದ್ರೂ ಬಾಗಿಲೇ ಇರಲ್ಲ.”

ಕೊನೆಯ ದಿನ ಬೀಳ್ಕೊಡುವಾಗ ನಾನು ಪತ್ರಿಕೆಯವರ ಬುದ್ಧಿ ತೋರಿಸಿದೆ. ‘ಮಿಶನ್ ರಿಪೇರಿ’ ಎಂಬ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಆತ ಎಲ್ಲಿದ್ದರೂ ಸಂಪರ್ಕಿಸಲಿ ಎಂದು ಕೆಳಗೆ ನಮ್ಮ ಫೋನ್ ನಂಬರ್ ಕೊಡೋಣವೇ ಎಂದೆ. ಬೇಡವೇ ಬೇಡ ಎಂದರು. ಆತ ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡ ಸಂಗತಿಯಾಗಿರಬಹುದು, ಮಕ್ಕಳು ಓದಬಹುದು, ಪತ್ರಿಕೆಯಲ್ಲಿ ಹುಡುಕಿಸಿಕೊಳ್ಳುವುದು ಯಾರಿಗೆ ಇಷ್ಟ ಎಂದರು. ಸರಿ, ಹೆಸರಷ್ಟೇ ಸಾಕು, ಅದು ತಾಣದ ಹೆಸರು, ಆತನಿಗೆ ಮಾತ್ರ ಗೊತ್ತಾಗುವಂಥದ್ದು ಎಂದು ಒಪ್ಪಿಸಿದೆ. ನಂಬರ್ ಬೇಡ ಎಂಬ ಕರಾರಿನ ಮೇಲೆ ಒಪ್ಪಿದರು.

ಆಮೇಲೆ ಮೇಜಿನ ಮೇಲಿನ ಒದ್ದೆಯನ್ನು ಬಟ್ಟೆಯಿಂದ ಒರೆಸಿದರು. ಒಂದು ಸಣ್ಣ ಜಾಗ ಕೊಡುತ್ತೀರಾ, ಐದಾರು ಸಾಲಿನಷ್ಟು, ಉತ್ತರವನ್ನು ಇಲ್ಲೇ ಹಾಕಿಬಿಡುತ್ತೇನೆ ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ, ಆ ಮೊದಲ ಪ್ರಶ್ನೆ ಬಿಟ್ಟರೆ, ಅವರು ತಮಗಾಗಿ ಏನಾದರೂ ಕೇಳಿದ್ದು ಇದೇ ಇರಬೇಕು. ಆಫೀಸಿನ ಬಸ್ಸು ಬರಲು ಹತ್ತು ನಿಮಿಷವಿತ್ತು. ಕೂತು ಬರೆದುಕೊಟ್ಟರು. ಒಂದಕ್ಷರವನ್ನೂ ಕತ್ತರಿಸದೆ ಕೊಡುತ್ತಿದ್ದೇನೆ:

‘ನಿಮ್ಮ ಹದಿನಾಲ್ಕನೇ ಸಾಲು ಸರಿಯಾಗಿತ್ತು. ನೀವು ಕೇಳಿದ್ದನ್ನು ಮುಂಚೆ ಯಾರೂ ಕೇಳಿರಲಿಲ್ಲ, ನಾನು ಓದದೆ ಈಗಾಗಲೇ ಕೇಳಲಾಗಿದೆ ಎಂದು ಹೇಳಿದೆ. ಮೊಬೈಲಿಗೆಂದು ಮುಚ್ಚಿಟ್ಟ ಬಟನ್‌ಗೂ ಅದೇ ಐಡಿ ಇದೆ, ಎರಡರಲ್ಲಿ ಒಂದನ್ನು ಬದಲಾಯಿಸಿ. ಉಳಿದದ್ದೆಲ್ಲ ಚೆನ್ನಾಗಿದೆ, ಏನೂ ಮುಟ್ಟಬೇಡಿ. ನಲವತ್ತಮೂರಕ್ಕೆ ಕಲಿಯಬಹುದು. ನಾನು ಮೂವತ್ತೊಂಬತ್ತಕ್ಕೆ ಕಲಿತೆ, ನಿಮ್ಮಷ್ಟು ಅಚ್ಚುಕಟ್ಟಾಗಿ ಬರೆಯೋಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಮನೆಗೆ ಹೋಗಿ. ಇದೇ ಮುಖ ಸಾಕು.’

ಓದಿ, ಕೊನೆಯಲ್ಲಿ ‘ಕ್ಷಮಿಸಿ’ ಎಂದು ಸೇರಿಸಲೇ ಎಂದು ಕೇಳಿದೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಿದರು.

“ಬೇಡ. ಕ್ಷಮಿಸಿ ಅಂದ್ರೆ ಅವರು ಏನಾದ್ರೂ ಹೇಳ್ಬೇಕಾಗುತ್ತೆ. ಅವರು ಏನೂ ಹೇಳೋದು ಬೇಡ. ಆ ಬಟನ್ ಕೆಲಸ ಮಾಡಿದ್ರೆ ಸಾಕು.”